ಸುಣ್ಣದ ಬೆಳಕು

ನಾನು ಪತ್ರಿಕೆಯ ಕೆಲಸಕ್ಕೆ ಸೇರಿದ ಹೊಸತು. ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ರಾತ್ರಿ ಪಾಳಿಯಲ್ಲಿ ಇಂಗ್ಲಿಷಿನಲ್ಲಿ ಬಂದ ತಂತಿಸುದ್ದಿಗಳನ್ನು ಕನ್ನಡಕ್ಕೆ ತಿರುಗಿಸುವುದು ನನ್ನ ಪಾಲಿಗೆ ಬಂದಿದ್ದ ಕೆಲಸ. ಬಹುಕಾಲ ಮೂಲೆ ಸೇರಿದ್ದ ಮುಖಂಡರೊಬ್ಬರು ಯಾವುದೋ ಸಭೆಯಲ್ಲಿ ಗುಡುಗಿದ ಕಾರಣ ಮತ್ತೆ ‘ಲೈಮ್‌ಲೈಟ್’ಗೆ ಬಂದಿದ್ದಾರೆ ಎಂದು ಒಂದು ರಾತ್ರಿ ಸುದ್ದಿ ಬಂತು. ನಿಘಂಟು ಇದ್ದದ್ದು ಹಿರಿಯರೊಬ್ಬರ ಮೇಜಿನ ಮೇಲೆ. ಎದ್ದುಹೋಗಿ ಕೇಳುವುದಕ್ಕೆ ಸಂಕೋಚ. ಲೈಮ್ ಎಂದರೆ ನಿಂಬೆ ಎಂಬುದು ಹೋಟೆಲುಗಳ ಷರಬತ್ತಿನ ಹಲಗೆಗಳನ್ನು ಓದಿದ ನನಗೆ ಚೆನ್ನಾಗಿ ಗೊತ್ತಿತ್ತು. ಲೈಟ್ ಎಂದರೆ ಬೆಳಕು. ಎರಡನ್ನೂ ಕೂಡಿಸಿ, “ಮಾನ್ಯರು ಪುನಃ ನಿಂಬೆಯ ಬೆಳಕಿನಲ್ಲಿ ಕಾಣಿಸಿಕೊಂಡಿದ್ದಾರೆ” ಎಂದು ಬರೆದು ಕಳಿಸಿಬಿಟ್ಟೆ. ಮುಖಂಡರ ಮಾತು ಹುಳಿಯಾಗಿದ್ದುದರಿಂದ ಇಂಗ್ಲಿಷರು ಹಾಗೆ ಹೇಳುತ್ತಾರೇನೋ ಎಂದು ಮನಸ್ಸಿಗೆ ಸಮಾಧಾನವನ್ನೂ ಹೇಳಿಕೊಂಡೆ.

ಕರಡು ತಿದ್ದುತ್ತಿದ್ದವರು ನಮ್ಮ ರಾಯರು. ಕಚೇರಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. ಎಲ್ಲರಿಗೂ ರಾಯರು, ಅಷ್ಟೆ. ಅವರು ಕರಡಿನಿಂದ ತಲೆಯೆತ್ತಿ, “ಏನಯ್ಯಾ, ಇಲ್ಲಿ ಬಾ” ಎಂದರು. ಹೋಗಿ ನಿಂತೆ. ಎಲೆಅಡಿಕೆಯ ಚೀಲ ಬಿಚ್ಚಿ, ಹಿತ್ತಾಳೆಯ ಸುಣ್ಣದ ಡಬ್ಬಿ ತೆಗೆದು, “ಕೈ ಚಾಚು” ಎಂದರು. ಚಾಚಿದೆ. ಹೆಬ್ಬೆರಳಿನ ಉಗುರಿನ ಮೇಲೆ ಒಂದು ಚೂರು ಸುಣ್ಣ ಬಳಿದರು. “ಇದು ಲೈಮು. ನೀನು ಹಿಂಡಿದ್ದು ಬೇರೆ.”

ಸುತ್ತಲಿದ್ದವರೆಲ್ಲ ನಕ್ಕರು. ರಾಯರು ನಗಲಿಲ್ಲ. ಪುಟ ಕಟ್ಟಿ ಯಂತ್ರಕ್ಕೆ ಹೋದ ಮೇಲೆ, ಬೆಳಗಿನ ಮೊದಲ ಬಸ್ಸಿಗೆ ಕಾಯುತ್ತ ಕುಳಿತಿದ್ದಾಗ, ಆ ಪದದ ಕಥೆಯನ್ನು ಅವರು ನನಗೆ ಹೇಳಿದರು. ಆಮೇಲೆ ನಾನೂ ಅಲ್ಲಿ ಇಲ್ಲಿ ಓದಿ ಒಂದಷ್ಟು ಸೇರಿಸಿಕೊಂಡಿದ್ದೇನೆ. ಅದನ್ನು ಇಂದು ವಾಚಕರ ಮುಂದೆ ಇಡುತ್ತಿದ್ದೇನೆ.

ಇಂಗ್ಲಿಷಿನಲ್ಲಿ ಸುಣ್ಣಕ್ಕೂ ನಿಂಬೆಗೂ ಹೆಸರು ಒಂದೇ ಆದದ್ದು ಆಕಸ್ಮಿಕ. ಸುಣ್ಣದ ಲೈಮು ಆ ಭಾಷೆಯ ಹಳೆಯ ಸ್ವಂತ ಮಾತು. ನಿಂಬೆಯ ಲೈಮು ಅರಬರ ನಾಡಿನಿಂದ ಹಣ್ಣಿನ ಜೊತೆಗೆ ಬಂದದ್ದು. ನಮ್ಮ ನುಡಿಗಟ್ಟಿಗೆ ಸೇರಿದ್ದು ಸುಣ್ಣ. ಒಬ್ಬನು ‘ಲೈಮ್‌ಲೈಟ್’ನಲ್ಲಿ ಇದ್ದಾನೆ ಎಂದರೆ ಲೋಕದ ಕಣ್ಣೆಲ್ಲ ಅವನ ಮೇಲೆ ನೆಟ್ಟಿದೆ ಎಂದರ್ಥ. ಅವನು ದೊಡ್ಡವನು, ಒಳ್ಳೆಯವನು ಎಂಬ ಅರ್ಥವೇನೂ ಅದಕ್ಕಿಲ್ಲ. ಕಳ್ಳನೂ ಲೈಮ್‌ಲೈಟಿಗೆ ಬರಬಹುದು, ಕವಿಯೂ ಬರಬಹುದು. ಅದನ್ನು ಬಯಸುವವರುಂಟು, ಅದರಿಂದ ಓಡುವವರುಂಟು, ಇನ್ನೊಬ್ಬರಿಗೆ ಸಲ್ಲಬೇಕಾದದ್ದನ್ನು ಕದಿಯುವವರುಂಟು. ಈ ಎಲ್ಲಕ್ಕೂ ಆ ಭಾಷೆಯಲ್ಲಿ ಬೇರೆ ಬೇರೆ ಕ್ರಿಯಾಪದಗಳಿವೆ. ಎಲ್ಲದರಲ್ಲೂ ಒಂದು ಅಂಶ ಸಮಾನ. ಈ ಬೆಳಕು ಒಬ್ಬನಿಗೆ ಸ್ವಂತವಲ್ಲ. ಅದು ಹೊರಗಿನಿಂದ ಬಂದು ಅವನ ಮೇಲೆ ಬೀಳುತ್ತದೆ, ಆಮೇಲೆ ಬೇರೆ ಕಡೆಗೆ ಹೋಗುತ್ತದೆ. ಹೀಗೇಕೆಂದು ತಿಳಿಯಬೇಕಾದರೆ ಆ ದೀಪವನ್ನೇ ನೋಡಬೇಕು.

ಸುಣ್ಣದ ಕಲ್ಲನ್ನು ಗೂಡಿನಲ್ಲಿ ಸುಟ್ಟರೆ ಸುಟ್ಟ ಸುಣ್ಣ ದೊರೆಯುತ್ತದೆ. ಅದಕ್ಕೆ ನೀರು ಹಾಕಿದರೆ ಬುಸುಗುಟ್ಟಿ, ಕಾವೇರಿ, ಅರಳಿ ಪುಡಿಯಾಗುತ್ತದೆ. ಮನೆಗೆ ಸುಣ್ಣ ಬಳಿಸಿದವರೆಲ್ಲರೂ ಇದನ್ನು ಕಂಡವರೇ. ನೀರು ಸೋಕದ ಸುಟ್ಟ ಸುಣ್ಣಕ್ಕೆ ಒಂದು ವಿಶೇಷ ಗುಣವಿದೆ: ಅದು ಸುಲಭವಾಗಿ ಕರಗುವುದಿಲ್ಲ. ಕರಗಿಸಲು 2500 ಡಿಗ್ರಿ ಸೆಂಟಿಗ್ರೇಡಿಗೂ ಮೀರಿದ ಕಾವು ಬೇಕು. ಜಲಜನಕ, ಆಮ್ಲಜನಕಗಳೆರಡನ್ನೂ ಕೊಳವೆಯಲ್ಲಿ ಬೆರೆಸಿ ಉರಿಸಿದರೆ ಬರುವ ಉರಿ ಬಹಳ ತೀಕ್ಷ್ಣ, ಆದರೆ ಕಣ್ಣಿಗೆ ಅಷ್ಟಾಗಿ ಕಾಣದಷ್ಟು ಪೇಲವ. ಆ ಉರಿಯನ್ನು ಸುಣ್ಣದ ತುಂಡಿನ ಮೇಲೆ ಹಾಯಿಸಿದಾಗ ಸುಣ್ಣ ಕರಗದೆ, ಕಾದು, ಕಣ್ಣು ಕೋರೈಸುವಂತೆ ಬೆಳ್ಳಗೆ ಬೆಳಗುತ್ತದೆ. ಹೀಗೆ ಬೆಳಗುವ ಸುಣ್ಣವೇ ಲೈಮ್‌ಲೈಟು.

ಈ ಉರಿಯ ಊದುಕೊಳವೆಯನ್ನು 1801ರಲ್ಲಿ ಅಮೆರಿಕದ ರಾಬರ್ಟ್ ಹೇರ್ ಎಂಬವನು ಮಾಡಿದ. ಅದರ ಮುಂದೆ ಸುಣ್ಣ ಹಿಡಿದು ಬೆಳಕು ಕಂಡವನು 1820ರ ದಶಕದಲ್ಲಿ ಲಂಡನ್ನಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸ ಕೊಡುತ್ತಿದ್ದ ಗೋಲ್ಡ್ಸ್‌ವರ್ದಿ ಗರ್ನಿ. ಕಾರ್ನ್‌ವಾಲ್ ಪ್ರಾಂತದ ಈ ವೈದ್ಯನ ತಲೆ ಒಂದು ಕಡೆ ನಿಲ್ಲುವಂಥದ್ದಲ್ಲ. ಅವನು ಉಗಿಯಿಂದ ಓಡುವ ಬಂಡಿ ಮಾಡಿ 1829ರಲ್ಲಿ ಲಂಡನ್ನಿನಿಂದ ಬಾತ್ ಪಟ್ಟಣಕ್ಕೆ ಹೋಗಿಬಂದ. ಮುಂದೆ ಪಾರ್ಲಿಮೆಂಟಿನ ಸಭಾಂಗಣಕ್ಕೆ ಹೊಸ ಬಗೆಯ ದೀಪ ಹಾಕಿಕೊಟ್ಟ. ಆದರೆ ಸುಣ್ಣದ ಬೆಳಕಿಗೆ ಅವನ ಹೆಸರು ಹತ್ತಲಿಲ್ಲ. ಅದನ್ನು ಜನ ಬಹುಕಾಲ ‘ಡ್ರಮ್ಮಂಡ್ ಬೆಳಕು’ ಎಂದೇ ಕರೆದರು.

ಈ ಡ್ರಮ್ಮಂಡನೇ ನನ್ನ ಕಥೆಯ ಮುಖ್ಯ ಪುರುಷ. ಥಾಮಸ್ ಡ್ರಮ್ಮಂಡ್ 1797ರಲ್ಲಿ ಎಡಿನ್‌ಬರೋ ನಗರದಲ್ಲಿ ಹುಟ್ಟಿದ. ಸೈನ್ಯದ ಎಂಜಿನಿಯರನಾಗಿ, ಕರ್ನಲ್ ಥಾಮಸ್ ಕೋಲ್ಬಿಯ ಕೈಕೆಳಗೆ ಸರ್ಕಾರಿ ಮೋಜಣಿಯ ಕೆಲಸಕ್ಕೆ ಸೇರಿದ. 1824ರಲ್ಲಿ ಐರ್ಲೆಂಡಿನ ಇಡೀ ನೆಲವನ್ನು ಮೈಲಿಗೆ ಆರು ಅಂಗುಲದ ಪ್ರಮಾಣದಲ್ಲಿ ನಕ್ಷೆ ಮಾಡುವ ದೊಡ್ಡ ಕಾರ್ಯ ಪ್ರಾರಂಭವಾಯಿತು. ತೆರಿಗೆಯನ್ನು ನ್ಯಾಯವಾಗಿ ಹಂಚಬೇಕಾದರೆ ಯಾರ ಊರು ಎಷ್ಟು ಎಂಬುದು ತಿಳಿಯಬೇಕಲ್ಲವೆ? ಅಳೆಯುವ ಕ್ರಮ ತ್ರಿಕೋನಗಳದ್ದು. ಒಂದು ಬೆಟ್ಟದಿಂದ ಇನ್ನೊಂದು ಬೆಟ್ಟವನ್ನು ದುರ್ಬೀನಿನಲ್ಲಿ ಹಿಡಿದು ಕೋನ ಅಳೆಯಬೇಕು. ಐರ್ಲೆಂಡಿನದೋ ಮಳೆ ಮಂಜಿನ ಹವೆ. ಬೆಲ್‌ಫಾಸ್ಟಿನ ಬಳಿಯ ಡಿವಿಸ್ ಬೆಟ್ಟದಲ್ಲಿ ಡೇರೆ ಹಾಕಿದ್ದ ತಂಡಕ್ಕೆ ಡಾನಿಗಾಲ್ ಪ್ರಾಂತದ ಸ್ಲೀವ್ ಸ್ನಾಖ್ತ್ ಬೆಟ್ಟ ಕಾಣಬೇಕಾಗಿತ್ತು. ನಡುವಣ ದೂರ ಸುಮಾರು 66 ಮೈಲಿ. ವಾರಗಟ್ಟಲೆ ಕಾದರೂ ಬೆಟ್ಟ ಕಾಣಲಿಲ್ಲ.

ಡ್ರಮ್ಮಂಡನು ಬಿಡುವಿನಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿಗೆ ಹೋಗಿ ರಸಾಯನಶಾಸ್ತ್ರದ ಉಪನ್ಯಾಸ ಕೇಳುತ್ತಿದ್ದ. ಉರಿಯಲ್ಲಿ ಸುಣ್ಣ ಬೆಳಗುವ ಸಂಗತಿ ಅಲ್ಲಿ ಅವನ ಕಿವಿಗೆ ಬಿತ್ತು. ಬೇರೆಯವರು ಅದನ್ನು ಬೆರಗಿನ ಆಟವೆಂದು ನೋಡಿ ಮನೆಗೆ ಹೋದರು. ಇವನಿಗೆ ಕಾಣದ ಬೆಟ್ಟದ ನೆನಪಾಯಿತು. ಬಟಾಣಿ ಕಾಳಿನ ಗಾತ್ರದ ಸುಣ್ಣದ ಉಂಡೆ, ಅದರ ಹಿಂದೆ ಬೆಳಕನ್ನು ಕೂಡಿಸಿ ಒಂದೇ ದಿಕ್ಕಿಗೆ ಕಳಿಸುವ ಬಾಗುಗನ್ನಡಿ, ಸುತ್ತ ಉರಿಯ ಕೊಳವೆಗಳು. ಇಷ್ಟನ್ನು ಕಟ್ಟಿಕೊಂಡು 1825ರ ನವೆಂಬರಿನ ಚಳಿಗಾಳಿಯಲ್ಲಿ ಕೆಲವೇ ಜನರೊಡನೆ ಸ್ಲೀವ್ ಸ್ನಾಖ್ತಿನ ನೆತ್ತಿಗೆ ಏರಿದ. ಆ ಹೆಸರಿನ ಅರ್ಥವೇ ‘ಹಿಮದ ಬೆಟ್ಟ’ ಎಂದು. ಅಲ್ಲಿ ಅವನು ದೀಪ ಹೊತ್ತಿಸಿದ. 66 ಮೈಲಿ ಆಚೆ, ಡಿವಿಸ್ ಬೆಟ್ಟದಲ್ಲಿ ಕಾದಿದ್ದವರಿಗೆ ದಿಗಂತದಲ್ಲಿ ನಕ್ಷತ್ರದಂತೆ ಬೆಳಕು ಕಾಣಿಸಿತು. ಕೋನ ಸಿಕ್ಕಿತು, ನಕ್ಷೆ ಮುಂದುವರಿಯಿತು.

ವಾಚಕರು ಒಂದು ಮಾತನ್ನು ಗಮನಿಸಬೇಕು. ಲೈಮ್‌ಲೈಟು ಮೊದಲು ಬೆಳಗಿದ್ದು ಯಾರ ಮುಖವನ್ನೂ ಅಲ್ಲ. ನೋಡುವವರ ಕಣ್ಣಿಗೆ ಒಂದು ಜಾಗವನ್ನು ತೋರಿಸಲು ಅದು ಹುಟ್ಟಿತು. ಅದನ್ನು ಹಿಡಿದವನು ಕತ್ತಲೆಯಲ್ಲಿ, ಮಳೆಯಲ್ಲಿ ನಿಂತಿದ್ದ.

ಈ ಮೋಜಣಿಗೆ ನಮ್ಮ ನಾಡಿನ ನಂಟೂ ಇದೆ. ಭಾರತದ ಮಹಾ ತ್ರಿಕೋನ ಮೋಜಣಿಯ ಮೊದಲ ಹೆಜ್ಜೆಯನ್ನು ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿಯಲ್ಲೇ ಒಂದು ಆಧಾರರೇಖೆ ಅಳೆದು ಇಟ್ಟಿದ್ದ. ಅವನ ಉತ್ತರಾಧಿಕಾರಿ ಜಾರ್ಜ್ ಎವರೆಸ್ಟ್ ರಜೆಯ ಮೇಲೆ ಸ್ವದೇಶಕ್ಕೆ ಹೋದಾಗ, 1829ರಲ್ಲಿ ಐರ್ಲೆಂಡಿಗೂ ಹೋಗಿ ಕೋಲ್ಬಿಯ ಕೆಲಸದ ಕ್ರಮವನ್ನು ಕಣ್ಣಾರೆ ನೋಡಿಕೊಂಡು ಬಂದ. ಬಿಸಿಲಿಗೆ ಹಿಗ್ಗದೆ ಚಳಿಗೆ ಕುಗ್ಗದೆ ಉದ್ದವನ್ನು ಕಾಯ್ದುಕೊಳ್ಳುವ ಕೋಲ್ಬಿಯ ಅಳತೆಪಟ್ಟಿಗಳ ಮಾದರಿ ಹೀಗೆ ಇಲ್ಲಿಗೆ ಬಂತು. 1841ರಲ್ಲಿ ಬೀದರಿನ ಆಧಾರರೇಖೆಯನ್ನೂ 1868ರಲ್ಲಿ ಬೆಂಗಳೂರಿನದನ್ನೂ ಅಳೆದದ್ದು ಅಂಥ ಪಟ್ಟಿಗಳಿಂದಲೇ. ಎವರೆಸ್ಟನೂ ಧೂಳಿನ ಹಗಲಿಗಿಂತ ರಾತ್ರಿಯನ್ನು ನಂಬಿ, ದೂರದ ಗೋಪುರಗಳಲ್ಲಿ, ಗುಡ್ಡಗಳಲ್ಲಿ ದೀಪ ಇಡಿಸುತ್ತಿದ್ದ. 1865ರಲ್ಲಿ ಅವನ ಹೆಸರು ಜಗತ್ತಿನ ಅತಿ ಎತ್ತರದ ಶಿಖರವನ್ನು ಏರಿತು. ಜ್ವರ ಬರುವ ಕಾಡಿನಲ್ಲಿ ರಾತ್ರಿಯಿಡೀ ದೀಪ ಕಾದ ಖಲಾಸಿಗಳ ಹೆಸರನ್ನು ಯಾವ ಗುಡ್ಡಕ್ಕೂ ಇಡಲಿಲ್ಲ.

ಮತ್ತೆ ಡ್ರಮ್ಮಂಡನಿಗೆ ಬರೋಣ. ತನ್ನ ಬೆಳಕನ್ನು ಹಡಗುಗಳಿಗೆ ದಾರಿ ತೋರುವ ದೀಪಸ್ತಂಭಗಳಲ್ಲಿ ಇಡಬೇಕೆಂಬುದು ಅವನ ಆಸೆ. 1830ರಲ್ಲಿ ಥೇಮ್ಸ್ ನದಿಯ ದಂಡೆಯ ಪರ್‌ಫ್ಲೀಟಿನಲ್ಲಿ ಅದನ್ನು ಉರಿಸಿ, ಸುಮಾರು ಹತ್ತು ಮೈಲಿ ದೂರದ ಬ್ಲ್ಯಾಕ್‌ವಾಲಿನಿಂದ ನೋಡಿದರು. ಅಷ್ಟು ದೂರದಲ್ಲೂ ಆ ಬೆಳಕಿಗೆ ನೆರಳು ಬೀಳುತ್ತಿತ್ತೆಂದು ನೋಡಿದವರು ಬರೆದಿದ್ದಾರೆ. ಆದರೂ ಅನಿಲ ತಯಾರಿಸುವ ಖರ್ಚು, ಅದನ್ನು ನೋಡಿಕೊಳ್ಳುವ ಕಷ್ಟ ಇವುಗಳಿಂದ ಯೋಜನೆ ನಿಂತುಹೋಯಿತು. ಡ್ರಮ್ಮಂಡನು ದೀಪವನ್ನು ಬಿಟ್ಟು ಆಡಳಿತಕ್ಕೆ ಹೋದ. 1835ರಿಂದ ಐರ್ಲೆಂಡಿನ ಅಧೀನ ಕಾರ್ಯದರ್ಶಿಯಾಗಿ ಡಬ್ಲಿನ್ನಿನಲ್ಲಿ ದುಡಿದ. ಬಡ ರೈತರಿಂದ ಚರ್ಚಿನ ತೆರಿಗೆ ವಸೂಲು ಮಾಡುವುದಕ್ಕೆ ಪೊಲೀಸರನ್ನು ಕಳಿಸುವುದಿಲ್ಲ ಎಂದ. ಆಸ್ತಿಗೆ ಹಕ್ಕುಗಳಿರುವಂತೆ ಕರ್ತವ್ಯಗಳೂ ಇವೆ ಎಂದು 1838ರಲ್ಲಿ ಜಮೀನುದಾರರಿಗೆ ಬರೆದು ಅವರ ಕೋಪಕ್ಕೆ ಗುರಿಯಾದ. ಹಗಲು ರಾತ್ರಿ ಕೆಲಸ ಮಾಡಿ ದೇಹ ಕುಸಿಯಿತು. 1840ರ ಏಪ್ರಿಲಿನಲ್ಲಿ ತೀರಿಕೊಂಡಾಗ ಅವನಿಗೆ 42 ವರ್ಷ. ಹುಟ್ಟಿದ ಸ್ಕಾಟ್ಲೆಂಡಿನಲ್ಲಿ ಬೇಡ, ದುಡಿದ ಐರ್ಲೆಂಡಿನ ಮಣ್ಣಿನಲ್ಲೇ ತನ್ನನ್ನು ಹೂಳಬೇಕೆಂದು ಅವನು ಕೇಳಿಕೊಂಡಿದ್ದ. ಹಾಗೆಯೇ ಮಾಡಿದರು.

ಅಷ್ಟರಲ್ಲಿ ಅವನ ದೀಪ ಬೇರೊಂದು ಮನೆ ಸೇರಿತ್ತು. 1837ರಲ್ಲಿ ಲಂಡನ್ನಿನ ಕಾವೆಂಟ್ ಗಾರ್ಡನ್ ರಂಗಮಂದಿರದೊಳಗೆ ಸುಣ್ಣದ ಬೆಳಕು ಬೆಳಗಿತು. ಆಗ ರಂಗಮಂದಿರಗಳ ಬೆಳಕು ಹೇಗಿತ್ತೆಂಬುದನ್ನು ತಿಳಿದರೆ ಇದರ ಮಹತ್ವ ಗೊತ್ತಾಗುತ್ತದೆ. ಮೊದಲು ಮೇಣದ ಬತ್ತಿ, ಎಣ್ಣೆಯ ದೀಪ. 1817ರಿಂದ ಗ್ಯಾಸಿನ ದೀಪ. ಇವೆಲ್ಲವೂ ಎಲ್ಲರಿಗೂ ಸಮನಾಗಿ ಬೀಳುವ ಬೆಳಕು. ರಾಜನೂ ದೂತನೂ ಒಂದೇ ಬೆಳಕಿನಲ್ಲಿ ನಿಲ್ಲುತ್ತಿದ್ದರು. ಸಭಿಕರ ಕಡೆಯ ದೀಪಗಳೂ ಉರಿಯುತ್ತಲೇ ಇದ್ದುದರಿಂದ ನಟನಷ್ಟೇ ಸ್ಪಷ್ಟವಾಗಿ ಮುಂದಿನ ಸಾಲಿನ ಶ್ರೀಮಂತರೂ ಕಾಣುತ್ತಿದ್ದರು. ನೂರು ಜನರ ನಡುವೆ ಒಬ್ಬನನ್ನೇ ಆರಿಸಿ ಬೆಳಗಿಸುವ ಉಪಾಯ ಅದುವರೆಗೆ ಇರಲಿಲ್ಲ. ನಟನು ತನ್ನ ದನಿಯಿಂದ, ನಿಲುವಿನಿಂದ ಕಣ್ಣು ಸೆಳೆಯಬೇಕಾಗಿತ್ತು.

ಸುಣ್ಣದ ದೀಪದ ಮುಂದೆ ಮಸೂರ ಇಟ್ಟರೆ ಬೆಳಕು ಕೋಲಿನಂತೆ ಹೋಗಿ ಬೇಕಾದ ಕಡೆ ಬೀಳುತ್ತದೆ. ಬಣ್ಣದ ಗಾಜು ಹಿಡಿದರೆ ಬೆಳುದಿಂಗಳು, ಬೆಳಗಿನ ಹೊಂಬಿಸಿಲು, ಬೆಂಕಿಯ ಕೆಂಪು. ಮೊದಮೊದಲು ಅದನ್ನು ಬಳಸಿದ್ದು ಇಂಥ ಚಮತ್ಕಾರಗಳಿಗೇ. ಆಮೇಲೆ ನಾಯಕ ನಟರು ಅದರ ರುಚಿ ಕಂಡರು. ಹೋದಲ್ಲೆಲ್ಲ ಒಂದು ಬೆಳಕಿನ ವೃತ್ತ ತಮ್ಮ ಹಿಂದೆಯೇ ಬಂದರೆ ಯಾವ ನಟನಿಗೆ ಬೇಡ? 1860ರ ಹೊತ್ತಿಗೆ ಸುಣ್ಣದ ಬೆಳಕಿಲ್ಲದ ದೊಡ್ಡ ನಾಟಕಶಾಲೆಯೇ ಇಲ್ಲವೆಂಬಂತಾಯಿತು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರಲ್ಲಿ, ಚಾರ್ಲ್ಸ್‌ಟನ್ ಬಂದರಿನ ಕೋಟೆಯ ಮೇಲೆ ರಾತ್ರಿ ಗುಂಡಿನ ಗುರಿ ಹಿಡಿಯುವುದಕ್ಕೂ ಇದನ್ನೇ ಹೂಡಿದರು. ಬೆಳಕು ಬಿದ್ದವನಿಗೆ ಚಪ್ಪಾಳೆಯೇ ಸಿಗಬೇಕೆಂಬ ನಿಯಮವೇನೂ ಇಲ್ಲವಷ್ಟೆ.

ಇನ್ನು ಈ ದೀಪವನ್ನು ನಡೆಸುತ್ತಿದ್ದವನ ವಿಷಯ. ಅಂದು ರಾಯರು ಹೆಚ್ಚು ಹೊತ್ತು ಹೇಳಿದ್ದು ಇದನ್ನೇ. ಒಂದೊಂದು ದೀಪಕ್ಕೂ ಒಬ್ಬೊಬ್ಬ ಆಳು ಬೇಕು. ರಂಗದ ಪಕ್ಕದ ಅಟ್ಟದ ಮೇಲೋ ಮೇಲಂತಸ್ತಿನ ಮೂಲೆಯಲ್ಲೋ ಅವನ ಜಾಗ. ಎರಡು ಅನಿಲಗಳನ್ನೂ ಬೇರೆ ಬೇರೆ ರಬ್ಬರ್ ಬಟ್ಟೆಯ ಚೀಲಗಳಲ್ಲಿ ತುಂಬಿ, ಹಲಗೆಗಳ ನಡುವೆ ಇಟ್ಟು, ಮೇಲೆ ಭಾರ ಹೇರಿ ಒತ್ತಡ ಬರಿಸಬೇಕು. ಉಕ್ಕಿನ ಸಿಲಿಂಡರುಗಳು ಬಂದದ್ದು ಶತಮಾನದ ಕೊನೆಯಲ್ಲಿ. ಒಂದು ಚೀಲದ ಅನಿಲ ಇನ್ನೊಂದಕ್ಕೆ ಬೆರೆತರೆ ಸಿಡಿದು ಪ್ರಾಣಕ್ಕೆ ಅಪಾಯ. ಉರಿ ಒಂದೇ ಕಡೆ ಬಿದ್ದರೆ ಸುಣ್ಣದಲ್ಲಿ ಗುಳಿ ಬಿದ್ದು ಬೆಳಕು ಮಂಕಾಗುತ್ತದೆ. ಆದ್ದರಿಂದ ಸುಣ್ಣದ ತುಂಡನ್ನು ಆಗಾಗ ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಿರಬೇಕು. ಗಾಳಿಯ ತೇವ ತಗುಲಿದರೂ ಸುಣ್ಣ ಅರಳಿ ಉದುರುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಅದನ್ನು ಜೋಪಾನ ಮಾಡಬೇಕು. ಒಂದು ಕೈ ಅನಿಲದ ತಿರುಪಿನ ಮೇಲೆ, ಇನ್ನೊಂದು ದೀಪದ ಮೇಲೆ, ಕಣ್ಣು ಮಾತ್ರ ನಟನ ಹೆಜ್ಜೆಯ ಮೇಲೆ. ನಟ ಮೂರು ಹೆಜ್ಜೆ ಇಟ್ಟರೆ ಬೆಳಕೂ ಮೂರು ಹೆಜ್ಜೆ ಇಡಬೇಕು. ನಾಟಕದ ಮಾತು ಅವನಿಗೂ ಬಾಯಿಪಾಠವಾಗಿರಬೇಕು. ತಪ್ಪಿದರೆ ಸಭೆಯೆಲ್ಲ ತಿರುಗಿ ಅವನತ್ತ ನೋಡುತ್ತದೆ. ತಪ್ಪದಿದ್ದರೆ ಅವನೊಬ್ಬ ಇದ್ದಾನೆಂಬುದೇ ಯಾರಿಗೂ ತಿಳಿಯುವುದಿಲ್ಲ.

ಈ ಕೆಲಸದ ಬೆಲೆ ತಿಳಿದಿದ್ದ ದೊಡ್ಡ ನಟನೆಂದರೆ ಹೆನ್ರಿ ಇರ್ವಿಂಗ್. 1878ರಿಂದ ಲೈಸಿಯಂ ರಂಗಮಂದಿರವನ್ನು ನಡೆಸಿದ ಈತ ಸಭಿಕರ ಕಡೆಯನ್ನು ಕತ್ತಲೆ ಮಾಡಿಸಿದ. ಬೆಳಕಿಗಾಗಿಯೇ ಪ್ರತ್ಯೇಕ ತಾಲೀಮು ಇಟ್ಟು ರಾತ್ರಿಯೆಲ್ಲ ದೀಪದವರೊಡನೆ ದುಡಿಯುತ್ತಿದ್ದ. ಇದನ್ನೆಲ್ಲ ಬರೆದಿಟ್ಟವನು ಅವನ ವ್ಯವಹಾರ ನೋಡಿಕೊಳ್ಳುತ್ತಿದ್ದ ಬ್ರಾಮ್ ಸ್ಟೋಕರ್. ‘ಡ್ರಾಕುಲಾ’ ಬರೆದ ಸ್ಟೋಕರನೇ ಇವನು. ನಗರದ ಇತರ ರಂಗಗಳಿಗೆ ವಿದ್ಯುತ್ತು ಬಂದ ಮೇಲೂ ಇರ್ವಿಂಗನು ಗ್ಯಾಸನ್ನೂ ಸುಣ್ಣವನ್ನೂ ಬಿಡಲು ಒಪ್ಪಲಿಲ್ಲ. ವಿದ್ಯುತ್ತಿನ ಬೆಳಕು ಗಡಸು, ಸುಣ್ಣದ್ದು ಮೃದು ಎಂಬುದು ಅವನಂಥವರ ಮತ.

‘ಲೈಮ್‌ಲೈಟ್’ ರಂಗದಿಂದ ಇಳಿದು ಮಾತಿನೊಳಕ್ಕೆ ಬಂದದ್ದು ಈ ಕಾಲದಲ್ಲೇ. 1870ರ ದಶಕದಿಂದ ಇಂಗ್ಲಿಷ್ ಬರೆವಣಿಗೆಯಲ್ಲಿ, ದೀಪಕ್ಕೆ ಸಂಬಂಧವೇ ಇಲ್ಲದ ಕಡೆಯಲ್ಲಿ, ಪ್ರಸಿದ್ಧಿ ಎಂಬ ಅರ್ಥಕ್ಕೆ ಅದನ್ನು ಬಳಸಿರುವುದು ಕಾಣುತ್ತದೆ. ಅದಕ್ಕಿಂತ ನೂರು ವರ್ಷ ಹಿಂದೆ ಆ ನುಡಿಗಟ್ಟು ಹುಟ್ಟುವುದು ಸಾಧ್ಯವೇ ಇರಲಿಲ್ಲ. ಒಬ್ಬನನ್ನು ಮಾತ್ರ ಬೆಳಗಿಸಿ ಉಳಿದವರನ್ನು ಕತ್ತಲೆಯಲ್ಲಿಡುವ ಯಂತ್ರ ಬಂದ ಮೇಲೆಯೇ ಅಂಥ ಕೀರ್ತಿಗೆ ಒಂದು ಹೆಸರೂ ಬಂತು. ಅದೇ ಕಾಲಕ್ಕೆ ಕಾಸಿಗೊಂದರಂತೆ ಪತ್ರಿಕೆಗಳು ಹೆಚ್ಚುತ್ತಿದ್ದವು ಎಂಬುದನ್ನೂ ಪತ್ರಿಕೆಯವನಾದ ನಾನು ಮರೆಯಬಾರದು. ನಾವೂ ದಿನಬೆಳಗಾದರೆ ಅದೇ ದೀಪ ತಿರುಗಿಸುವ ಕೆಲಸದವರು.

ಈ ಬೆಳಕಿನ ಜೊತೆ ಮನುಷ್ಯನ ಮನಸ್ಸು ಆಡುವ ಆಟಕ್ಕೆ ಲಾರೆನ್ಸನ ಉದಾಹರಣೆ ಸಾಕು. ಮೊದಲನೆಯ ಮಹಾಯುದ್ಧದಲ್ಲಿ ಅರಬರೊಡನೆ ಹೋರಾಡಿದ ಈ ಇಂಗ್ಲಿಷಿನವನನ್ನು ಲೋವೆಲ್ ಥಾಮಸ್ ಎಂಬ ಅಮೆರಿಕದ ಪತ್ರಕರ್ತ 1919ರಲ್ಲಿ ಚಿತ್ರ ತೋರಿಸುತ್ತ ಉಪನ್ಯಾಸ ಮಾಡಿ ಜಗತ್ಪ್ರಸಿದ್ಧನನ್ನಾಗಿಸಿದ. ಉಪನ್ಯಾಸ ನಡೆದದ್ದು ಬೆಂಕಿಗೆ ಸಿಕ್ಕಿ ಮತ್ತೆ ಕಟ್ಟಿದ ಅದೇ ಕಾವೆಂಟ್ ಗಾರ್ಡನ್ನಿನಲ್ಲಿ. ಲಾರೆನ್ಸನು ಕೀರ್ತಿ ಬೇಡವೆಂದು 1922ರಲ್ಲಿ ರಾಸ್ ಎಂಬ ಸುಳ್ಳು ಹೆಸರಿನಿಂದ ವಿಮಾನದಳದಲ್ಲಿ ಸಾಮಾನ್ಯ ಸೈನಿಕನಾದ. ಗುಟ್ಟು ಹೊರಬಿದ್ದ ಮೇಲೆ ಷಾ ಎಂಬ ಹೆಸರಿನಿಂದ ಟ್ಯಾಂಕ್ ದಳ ಸೇರಿದ. 1927ರಲ್ಲಿ ಕರಾಚಿಗೂ ಅಲ್ಲಿಂದ ವಾಯವ್ಯ ಗಡಿಯ ಮೀರನ್‌ಷಾಕ್ಕೂ ಬಂದು ಅಡಗಿ ಕುಳಿತ. ಅಲ್ಲಿಗೂ ಪತ್ರಿಕೆಗಳ ಬೆಳಕು ಹೋಯಿತು. ಆಫ್ಘನಿಸ್ತಾನದ ದಂಗೆಗೆ ಅವನೇ ಕಾರಣನೆಂಬ ಗುಲ್ಲೆದ್ದು 1929ರಲ್ಲಿ ಅವನನ್ನು ಹಿಂದಕ್ಕೆ ಕರೆಸಿಕೊಂಡರು. ಹಿಮ್ಮುಖವಾಗಿ ನಡೆಯುತ್ತಲೇ ಬೆಳಕಿನ ನಡುವೆ ಬಂದು ನಿಲ್ಲುವ ಜಾಣ ಅವನು ಎಂದು ಥಾಮಸ್ ಹೇಳಿದನೆಂಬ ಚಟಾಕಿ ಪ್ರಚಾರದಲ್ಲಿದೆ. ಅದರಲ್ಲಿ ಕುಹಕವಿದೆ. ಆದರೆ ಬೆಳಕು ತನ್ನಷ್ಟಕ್ಕೆ ತಿರುಗುವುದಿಲ್ಲ, ಅದನ್ನು ತಿರುಗಿಸುವ ಕೈ ಬೇರೆ ಇದೆ ಎಂಬುದನ್ನು ಆ ಕೈಯವನೇ ಮರೆಮಾಚಿದಂತಿದೆ.

ಸುಣ್ಣಕ್ಕೆ ಮುಪ್ಪು ಬಂದದ್ದು ವಿದ್ಯುತ್ತಿನಿಂದ. 1881ರಲ್ಲಿ ಲಂಡನ್ನಿನ ಸವಾಯ್ ರಂಗಮಂದಿರ ಸುಮಾರು 1200 ವಿದ್ಯುದ್ದೀಪಗಳಿಂದ ಬೆಳಗಿತು. ಅದರ ಒಡೆಯ ಡಾಯ್ಲಿ ಕಾರ್ಟ್, ಉರಿಯುತ್ತಿರುವ ಬಲ್ಬನ್ನು ಸಭೆಯ ಮುಂದೆ ಒಡೆದು, ನೋಡಿ, ಇದರಿಂದ ಬೆಂಕಿ ಹೊತ್ತುವುದಿಲ್ಲ ಎಂದು ತೋರಿಸಿದ. ಮುಂದೆ ವಿದ್ಯುತ್ತಿನ ಚಾಪದೀಪಗಳು ಸುಣ್ಣದ ಕೆಲಸವನ್ನೂ ಮಾಡತೊಡಗಿದವು. ಇಪ್ಪತ್ತನೆಯ ಶತಮಾನ ಬೆಳೆದಂತೆ ಸುಣ್ಣದ ತುಂಡುಗಳು ಮಾಯವಾದವು. ವಿಚಿತ್ರವೆಂದರೆ, ನಟನ ಹಿಂದೆ ಓಡುವ ವಿದ್ಯುದ್ದೀಪಕ್ಕೂ ಅದನ್ನು ನಡೆಸುವವನಿಗೂ ಬ್ರಿಟನ್ನಿನ ನಾಟಕದ ಮಂದಿ ‘ಲೈಮ್ಸ್’ ಎನ್ನುವ ರೂಢಿ ಉಳಿಯಿತು. ದೀಪ ಕಂಡ ಗರ್ನಿಯ ಹೆಸರು ಹೋಯಿತು. ಬೆಟ್ಟದ ಮೇಲೆ ಹೊತ್ತಿಸಿದ ಡ್ರಮ್ಮಂಡನ ಹೆಸರು ಹೋಯಿತು. ಸುಣ್ಣ ಮಾತ್ರ ಉಳಿಯಿತು.

ನಮ್ಮಲ್ಲಿ ಬಹುಮಂದಿ ಆ ಪದವನ್ನು ಮೊದಲು ಕಂಡಿರಬಹುದಾದದ್ದು ಚಾರ್ಲಿ ಚಾಪ್ಲಿನ್ನನ ಚಿತ್ರದ ಹೆಸರಾಗಿ. 1952ರಲ್ಲಿ ಬಂದ ‘ಲೈಮ್‌ಲೈಟ್’ ಚಿತ್ರದಲ್ಲಿ ಅವನು ಜನ ಮರೆತ ಮುದಿ ವಿದೂಷಕ. ಬದುಕು ಬೇಡವೆಂದ ಹುಡುಗಿಯೊಬ್ಬಳನ್ನು ಎತ್ತಿ ನಿಲ್ಲಿಸಿ ನರ್ತಕಿಯಾಗಿಸುತ್ತಾನೆ. ಕೊನೆಯಲ್ಲಿ ಅವಳು ಬೆಳಕಿನಲ್ಲಿ ಕುಣಿಯುತ್ತಿರುವಾಗ ಅವನು ರಂಗದ ಪಕ್ಕದ ನೆರಳಿನಲ್ಲಿ ಮಲಗಿ ಪ್ರಾಣ ಬಿಡುತ್ತಾನೆ. ಅವಳು ಕುಣಿಯುತ್ತಲೇ ಇರುತ್ತಾಳೆ. ಆ ವರ್ಷ ಚಿತ್ರದ ಪ್ರದರ್ಶನಕ್ಕೆಂದು ಲಂಡನ್ನಿಗೆ ಹೊರಟ ಚಾಪ್ಲಿನ್ನನಿಗೆ ಅಮೆರಿಕಕ್ಕೆ ಹಿಂತಿರುಗುವ ಅನುಮತಿಯನ್ನು ಅಲ್ಲಿನ ಸರ್ಕಾರ ರದ್ದು ಮಾಡಿತು. ಚಿತ್ರದ ಸಂಗೀತಕ್ಕೆ ಆಸ್ಕರ್ ಬಂದದ್ದು 1973ರಲ್ಲಿ.

ಕನ್ನಡದಲ್ಲಿ ಇದನ್ನು ಹೇಗೆ ಹೇಳಬೇಕು? ‘ಬೆಳಕಿಗೆ ಬಂದರು’ ಎಂದರೆ ಸಾಲದು. ನಮ್ಮಲ್ಲಿ ಹಳೆಯ ಓಲೆಗರಿ ಬೆಳಕಿಗೆ ಬರುತ್ತದೆ, ಮುಚ್ಚಿಟ್ಟ ಮೋಸ ಬೆಳಕಿಗೆ ಬರುತ್ತದೆ. ಅದು ಅರಿವಿನ ಬೆಳಕು. ‘ಮುನ್ನೆಲೆಗೆ ಬಂದರು’ ಎಂದರೆ ಸುಮಾರು ಹತ್ತಿರ. ನನ್ನ ಕರಡಿನಲ್ಲಿ ‘ನಿಂಬೆಯ ಬೆಳಕಿನಲ್ಲಿ’ ಎಂಬುದನ್ನು ಹೊಡೆದುಹಾಕಿ ರಾಯರು ಬರೆದದ್ದು: “ಮತ್ತೆ ಹತ್ತು ಜನರ ಕಣ್ಣಿಗೆ ಬಿದ್ದಿದ್ದಾರೆ.” ದೀಪವೂ ಇಲ್ಲ, ಸುಣ್ಣವೂ ಇಲ್ಲ, ಅರ್ಥ ಮಾತ್ರ ಪೂರ್ತಿ ಇದೆ. ಆಮೇಲೆ ಬಸ್ಸಿಗೆ ಕಾಯುವಾಗ ಹೇಳಿದರು: “ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂತೀವಲ್ಲಯ್ಯಾ, ಈ ದೀಪದಲ್ಲಿ ಅದು ಅಕ್ಷರಶಃ ನಿಜ. ಬೆಣ್ಣೆ ನಟನಿಗೆ, ಸುಣ್ಣ ದೀಪದವನಿಗೆ.” ಹೇಳಿ ಎಲೆಯ ಬೆನ್ನಿಗೆ ಸುಣ್ಣ ಸವರಿ ಬಾಯಿಗೆ ಹಾಕಿಕೊಂಡರು.

ರಾಯರು ಮೂವತ್ತಕ್ಕೂ ಹೆಚ್ಚು ವರ್ಷ ನಮ್ಮಂಥವರ ಬರೆವಣಿಗೆಯನ್ನು ತಿದ್ದಿದರು. ತಮ್ಮ ಹೆಸರು ಹಾಕಿ ಒಂದು ಲೇಖನವನ್ನೂ ಬರೆಯಲಿಲ್ಲ. ನಿವೃತ್ತರಾಗಿ ಕೆಲವು ವರ್ಷಗಳಿಗೆ ತೀರಿಕೊಂಡರು. ಸುದ್ದಿ ರಾತ್ರಿ ತಡವಾಗಿ ಬಂತು, ಪುಟದಲ್ಲಿ ಜಾಗವಿರಲಿಲ್ಲ. ಭಾವಚಿತ್ರಕ್ಕಾಗಿ ಕಪಾಟುಗಳನ್ನೆಲ್ಲ ಹುಡುಕಿದೆವು. ಸಿಕ್ಕಿದ್ದು ಒಂದೇ: ಯಾರೋ ಗಣ್ಯರು ಕಚೇರಿಗೆ ಬಂದಾಗ ತೆಗೆದ ಗುಂಪು ಚಿತ್ರ. ಗಣ್ಯರ ಮುಖದ ಮೇಲೆ ಫ್ಲ್ಯಾಷಿನ ಬೆಳಕು ತುಂಬಿ ಬಿದ್ದಿತ್ತು. ಹಿಂದಿನ ಸಾಲಿನಲ್ಲಿ, ಇನ್ನೊಬ್ಬರ ಭುಜದ ಆಚೆ, ರಾಯರ ಅರ್ಧ ಮುಖ, ಕನ್ನಡಕದ ಒಂದು ಗಾಜು. ಅಚ್ಚಿಗೆ ಬರುವಂತಿರಲಿಲ್ಲ. ಕೊನೆಗೆ ನಾಲ್ಕು ಸಾಲು ಬರೆದು ಒಳಪುಟದ ತಳದಲ್ಲಿ ಹಾಕಿದೆವು. ಬರೆದವನು ನಾನೇ. ಆ ನಾಲ್ಕು ಸಾಲನ್ನು ತಿದ್ದಲು ಅವರಿರಲಿಲ್ಲ.

ಅಂದಿನ ಆ ಮುಖಂಡರ ಸುದ್ದಿ ಅಚ್ಚಾದ ಪತ್ರಿಕೆಯ ತುಂಡು ಇನ್ನೂ ನನ್ನಲ್ಲಿದೆ. ಮುಖಂಡರು ಯಾರು, ಏತಕ್ಕೆ ಗುಡುಗಿದರು ಎಂಬುದನ್ನು ತಿಳಿಯಬೇಕಾದರೆ ಈಗ ಅದನ್ನು ತೆಗೆದು ಓದಬೇಕು. ರಾಯರು ಬರೆದ ಸಾಲಿಗೆ ಮಾತ್ರ ಆ ತುಂಡು ಬೇಕಾಗುವುದಿಲ್ಲ.